ದೊಡ್ಡಮ್ಮ ಹೋದ ದಿನ

ಕಿವಿಗೆ ಹೆಡ್‌ಫೋನ್ ಹಾಕಿಕೊಂಡವನಿಗೆ ತನ್ನ ದನಿ ಎಷ್ಟು ಜೋರಾಗಿದೆ ಎಂಬುದು ತಿಳಿಯುವುದಿಲ್ಲ. ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಇಷ್ಟೇ.

ದೂರಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಹದಿನೆಂಟು ವರ್ಷ ಫೋನಿನ ಮುಂದೆ ಕೂತು, "ನಲ್ಲೀಲಿ ನೀರು ಬಂದಿಲ್ಲ" ಎಂಬ ಒಂದೇ ಮಾತನ್ನು ಸಾವಿರ ಬಾಯಿಂದ ಕೇಳಿ ಸಂಪಾದಿಸಿದ ಹೆಸರು. ಹೆಂಡತಿಯ ಹೊರತು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಹೆಂಡತಿ "ರೀ" ಎನ್ನುತ್ತಿದ್ದಳು. ನಲವತ್ತೇಳನೇ ವಯಸ್ಸಿಗೇ ಆತ ಸ್ನಾನದ ಮನೆಯ ಮೂಲೆಯಲ್ಲಿ ಉಳಿದ ಸೋಪಿನ ಚೂರಿನ ಹಾಗೆ ಸವೆದುಹೋಗಿದ್ದ.

ಆತನಿಗೆಂದು ಇದ್ದದ್ದು ವಾರಕ್ಕೆ ಮುಕ್ಕಾಲು ಗಂಟೆ. ಗುರುವಾರ ಬೆಳಗಿನ ಐದಕ್ಕೆ ಟೀವಿಯಲ್ಲಿ 'ಒಂಬತ್ತನೇ ಕಕ್ಷೆ' ಧಾರಾವಾಹಿಯ ಹೊಸ ಕಂತು ಬರುತ್ತಿತ್ತು. ನೆಲ ಸಿಗದೆ ನಕ್ಷತ್ರಗಳ ನಡುವೆ ಅಲೆಯುವ ಒಂದು ಹಡಗು, ಅದರಲ್ಲಿ ನಲವತ್ತೊಂದು ಜನ, ಅವರೆಲ್ಲರನ್ನೂ ಕಾಯುವ, ಮುನ್ನೂರು ಚಿಲ್ಲರೆ ವರ್ಷ ಹಳೆಯ ಒಂದು ಕಂಪ್ಯೂಟರು. ಹೊತ್ತಿಗೆ ಸರಿಯಾಗಿ ಎಬ್ಬಿಸಿ, ಬೈದು, ಗಾಳಿ ಬೆಳಕು ನೋಡಿಕೊಳ್ಳುವ ಆ ಕಂಪ್ಯೂಟರನ್ನು ಹಡಗಿನವರು 'ದೊಡ್ಡಮ್ಮ' ಎಂದು ಕರೆಯುತ್ತಿದ್ದರು. ಒಂಬತ್ತು ವರ್ಷದಿಂದ ದೂರಪ್ಪನೂ ಹಾಗೆಯೇ ಕರೆಯುತ್ತಿದ್ದ. ಹೆಂಡತಿ ಬಸ್ ಡಿಪೋದ ಟಿಕೆಟ್ ಕೌಂಟರಿನವಳು. ನಾಲ್ಕೂವರೆಗೇ ಕೆಲಸಕ್ಕೆ ಹೊರಟುಬಿಡುತ್ತಿದ್ದುದರಿಂದ ಆ ಹೊತ್ತಿನಲ್ಲಿ ಮನೆಯೆಲ್ಲ ಆತನದೇ.

ಆ ಗುರುವಾರದ ಕಂತಿನಲ್ಲಿ ದೊಡ್ಡಮ್ಮ ಸತ್ತಳು.

ಪರದೆ ಕಪ್ಪಾದ ಮೇಲೂ ದೂರಪ್ಪ ಎದ್ದೇಳಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರ. "ಅಯ್ಯೋ ದೊಡ್ಡಮ್ಮಾ! ನಮ್ಮನ್ನೆಲ್ಲ ಬಿಟ್ಟು ಹೋಗ್ಬಿಟ್ಟೆಯಲ್ಲಾ!" ಎಂದು ತನ್ನ ಪಾಡಿಗೆ ತಾನು ಗೊಣಗಿಕೊಂಡ. ಗೊಣಗಿಕೊಂಡೆ ಎಂದು ಆತ ತಿಳಿದಿದ್ದ. ಹೆಡ್‌ಫೋನು ತೆಗೆದಾಗ ಬಾಗಿಲನ್ನು ಯಾರೋ ಮುರಿಯುವ ಹಾಗೆ ಬಡಿಯುತ್ತಿದ್ದರು.

ಪಕ್ಕದ ಮನೆಯ ಹೆಡ್‌ಮೇಡಂ. ಶಾಲೆಯಿಂದ ನಿವೃತ್ತರಾಗಿ ಆರು ವರ್ಷವಾಗಿದ್ದರೂ ಬೀದಿಯ ಹಾಜರಿ ತೆಗೆದುಕೊಳ್ಳುವುದನ್ನು ಬಿಟ್ಟಿರಲಿಲ್ಲ. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಇಟ್ಟಿಗೆಯ ಗೋಡೆ.

"ಏನಾಯ್ತಪ್ಪಾ? ಯಾರಿಗೇನಾಯ್ತು?"

ದೂರಪ್ಪನ ತಲೆ ಇನ್ನೂ ಹಡಗಿನಲ್ಲೇ ಇತ್ತು. "ದೊಡ್ಡಮ್ಮ ಹೋಗ್ಬಿಟ್ರು ಮೇಡಂ," ಎಂದುಬಿಟ್ಟ.

"ಅಯ್ಯೋ ಪಾಪ. ವಯಸ್ಸಾಗಿತ್ತಾ?"

"ಮುನ್—" ಎನ್ನುವಷ್ಟರಲ್ಲಿ ಬಿಕ್ಕು ಬಂತು. ನುಂಗಿಕೊಂಡು ಮುಗಿಸಿದ: "—ನೂರ ಮೂರು."

"ನೂರ ಮೂರು!" ಹೆಡ್‌ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡರು. "ತುಂಬು ಜೀವ ಬಿಡಪ್ಪಾ. ಹಾಸಿಗೆ ಹಿಡಿದಿದ್ರಾ?"

"ಇಲ್ಲ, ಕೊನೇ ಗಳಿಗೇವರೆಗೂ ಕೆಲಸ ಮಾಡ್ತಾನೇ ಇದ್ರು. ನಲವತ್ತೊಂದು ಜನರ ಜವಾಬ್ದಾರಿ."

"ಅಷ್ಟು ದೊಡ್ಡ ಸಂಸಾರವಾ! ಮತ್ತೆ ಯಾರೂ ಏನೂ ಮಾಡೋಕಾಗ್ಲಿಲ್ವಾ?"

ಇಲ್ಲಿ ದೂರಪ್ಪನ ಒಳಗಿನ ಅಭಿಮಾನಿ ಕೆರಳಿದ. "ಮಾಡಬಹುದಿತ್ತು ಮೇಡಂ! ಕೆಳಗಡೆ ಇನ್ನೊಂದಿತ್ತು. ಮೂರನೇ ವರ್ಷದಲ್ಲೇ ತೋರಿಸಿದ್ರು. ಒಬ್ಬರಾದ್ರೂ ಹೋಗಿ ನೋಡಿದ್ರಾ? ಯಾರಿಗೂ ನೆನಪೇ ಇಲ್ಲ!"

ಆತ ಹೇಳಿದ್ದು ಹಡಗಿನ ಎರಡನೇ ಇಂಜಿನ್ನಿನ ವಿಷಯ. ಹೆಡ್‌ಮೇಡಂಗೆ ಕಂಡದ್ದು ಆಸ್ಪತ್ರೆಯ ಕೆಳಮಹಡಿ, ಅಲ್ಲಿ ಸುಮ್ಮನೆ ಬಿದ್ದಿರುವ ಇನ್ನೊಂದು ಯಂತ್ರ. "ಎಲ್ಲಾ ಕಡೆ ಹೀಗೇ ಕಣಪ್ಪಾ. ಇರುತ್ತೆ, ಹೊತ್ತಿಗೆ ಕೊಡಲ್ಲ," ಎಂದು ಕಣ್ಣೊರೆಸಿಕೊಂಡು, ಆತ ಬಾಯಿ ತೆರೆಯುವ ಮೊದಲೇ ಮೆಟ್ಟಿಲಿಳಿದು ಹೋದರು.

ಆಗಲೇ ಓಡಿಹೋಗಿ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಏನೆಂದು ಹೇಳುವುದು? ಸತ್ತದ್ದು ಟೀವಿಯ ಕಂಪ್ಯೂಟರು, ನಾನು ಅಳುತ್ತಿದ್ದದ್ದು ಅದಕ್ಕೆ, ಎಂದು ನಲವತ್ತೇಳರ ಗಂಡಸು ಯಾವ ಬಾಯಲ್ಲಿ ಹೇಳಬೇಕು? ಸಂಜೆ ನೋಡಿಕೊಂಡರಾಯಿತು ಎಂದುಕೊಂಡು ದೂರಪ್ಪ ಮುಖ ತೊಳೆದು ಕಚೇರಿಗೆ ಹೊರಟ.

ಹೆಡ್‌ಮೇಡಂ ಸಂಜೆಯವರೆಗೆ ಕಾಯುವವರಲ್ಲ. ಕಚೇರಿಯ ಹೆಡ್‌ಕ್ಲರ್ಕು ಒಂದು ಕಾಲದಲ್ಲಿ ಅವರ ಕೈಯಲ್ಲಿ ಮಗ್ಗಿ ಕಲಿತವರು. ದೂರಪ್ಪ ಬಸ್ಸಿಳಿಯುವಷ್ಟರಲ್ಲಿ ಸುದ್ದಿ ಆತನಿಗಿಂತ ಮುಂಚೆ ಮೇಜು ತಲುಪಿತ್ತು.

ಒಳಗೆ ಕಾಲಿಟ್ಟರೆ ವಿಭಾಗದ ಹನ್ನೆರಡು ಜನವೂ ಎದ್ದು ನಿಂತಿದ್ದಾರೆ. ಫ್ಯಾನಿನ ಕೆಳಗಿನ ಒಳ್ಳೆಯ ಕುರ್ಚಿಯನ್ನು ಆತನ ಮೇಜಿನ ಬಳಿ ಇಟ್ಟಿದ್ದಾರೆ. ಆ ಕುರ್ಚಿಯ ಮೇಲೆ ದೂರಪ್ಪನಿಗೆ ಬಹಳ ವರ್ಷದಿಂದ ಕಣ್ಣಿತ್ತು. ಕೂತ. ಕೂತದ್ದೇ ತಪ್ಪಾಯಿತು.

"ಎಲ್ಲರೂ ಎರಡು ನಿಮಿಷ ಮೌನ," ಎಂದರು ಹೆಡ್‌ಕ್ಲರ್ಕು. ಅವರು ನಿಯಮಾವಳಿಯ ಪುಸ್ತಕವನ್ನು ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಾರೆಂದು ಕಚೇರಿಯಲ್ಲಿ ಮಾತಿತ್ತು.

ಮೌನ ಶುರುವಾಗುತ್ತಿದ್ದ ಹಾಗೇ ಮೂರು ಫೋನೂ ಒಟ್ಟಿಗೆ ಬಡಿದುಕೊಂಡವು. ಒಂದೂವರೆ ನಿಮಿಷ ಸಹಿಸಿಕೊಂಡ ಟೈಪಿಸ್ಟ್ ಹುಡುಗಿ ಕೊನೆಗೆ ಒಂದನ್ನು ಎತ್ತಿ, "ಆಮೇಲೆ ಮಾಡಿ, ಇಲ್ಲೊಂದು ಸಾವಾಗಿದೆ," ಎಂದು ಪಿಸುಗುಟ್ಟಿದಳು.

"ಇಲ್ಲೂ ಆಗೋ ಹಾಗಿದೆ ಕಣಮ್ಮಾ, ನಾಲ್ಕು ದಿನದಿಂದ ನೀರಿಲ್ಲ!" ಎಂದು ಆ ಕಡೆಯವರು ಅಂದದ್ದು ಇಡೀ ಕೋಣೆಗೆ ಕೇಳಿಸಿತು.

ಮೌನ ಮುಗಿಯಿತು. ಹೆಡ್‌ಕ್ಲರ್ಕು ಒಂದು ಫಾರಂ ತಂದು ಮುಂದಿಟ್ಟರು. "ಮೂರು ದಿನ ರಜೆ ಸಿಗುತ್ತೆ ದೂರಪ್ಪ. ಸಂಬಂಧ ಅನ್ನೋ ಕಡೆ ದೊಡ್ಡಮ್ಮ ಅಂತ ನಾನೇ ಬರೆದಿದ್ದೀನಿ. ಎಲ್ಲಿ ತೀರ್ಕೊಂಡ್ರು ಅಂತ ಒಂದು ಬರೀರಿ."

ದೂರಪ್ಪ ಪೆನ್ನು ಹಿಡಿದು ಕೂತ. ಬರವಣಿಗೆಯಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಬಹಳ ಹೊತ್ತು ಯೋಚಿಸಿ 'ತುಂಬಾ ದೂರದಲ್ಲಿ' ಎಂದು ಬರೆದ. ಅಷ್ಟರಲ್ಲಿ ಜೇಬಿನ ಮೊಬೈಲು ನಡುಗಿತು. ಹೆಂಡತಿ.

"ರೀ, ಯಾವ ದೊಡ್ಡಮ್ಮ ಹೋಗಿದ್ದು? ನಿಮ್ಮಮ್ಮನೇ ಮನೆಗೆ ಹಿರೀಮಗಳು, ನಿಮ್ಮಪ್ಪನೇ ಹಿರೀಮಗ. ನಿಮಗೆ ದೊಡ್ಡಮ್ಮ ಎಲ್ಲಿಂದ ಬಂದ್ರು?"

ದೂರಪ್ಪ ಕಿಟಕಿಯ ಕಡೆ ತಿರುಗಿ ಸಣ್ಣಗೆ ಹೇಳಿದ. "ಹಡಗಿನ ದೊಡ್ಡಮ್ಮ."

ಬಸ್ಸುಗಳ ಹಾರನ್ನಿನ ನಡುವೆ ಹೆಂಡತಿ ಹಣೆ ಚಚ್ಚಿಕೊಂಡದ್ದು ಕೇಳಿಸಿತು.

"ಹೆಡ್‌ಮೇಡಂ ಇಲ್ಲಿಗೂ ಫೋನ್ ಮಾಡಿದ್ರು," ಎಂದಳು. "ಕೌಂಟರಿನವರೆಲ್ಲ ನನ್ನ ತಬ್ಕೊಂಡು ಅತ್ರು. ಯಾರಿಗೆ ಅಳ್ತಿದ್ದಾರೆ ಅಂತ ತಿಳೀದೆ ನಾನೂ ಅತ್ತೆ. ಮೇಲಿನವರು ಮನೆಗೆ ಹೋಗಮ್ಮಾ ಅಂತ ಅರ್ಧ ದಿನ ರಜೆ ಕೊಟ್ಟಿದ್ದಾರೆ."

"ನಾನು ಈಗಲೇ ಎಲ್ಲರಿಗೂ ನಿಜ ಹೇಳ್ಬಿಡ್ತೀನಿ ಕಣೇ."

"ಬಾಯಿ ಬಿಟ್ಟೀರಿ ಜೋಕೆ! ನನ್ನ ಮಾನ ಏನಾಗ್ಬೇಕು? ಸತ್ತಿದ್ದಾರೆ ಅಂದ ಮೇಲೆ ಸತ್ತೇ ಇರ್ಲಿ. ನಾನು ಮನೆಗೆ ಹೋಗಿ ಮಲಗ್ತೀನಿ, ತಿಂಗಳಾಯ್ತು ಸರಿಯಾಗಿ ನಿದ್ದೆ ಮಾಡಿ."

ಫೋನು ಇಟ್ಟಳು. ತನ್ನ ದುಃಖದಿಂದ ಇನ್ಯಾರಿಗೋ ನಿದ್ದೆಯಾದರೂ ಸಿಕ್ಕಿತಲ್ಲ ಎಂದು ದೂರಪ್ಪ ನಿಟ್ಟುಸಿರು ಬಿಟ್ಟ. ಇತ್ತ ತಿರುಗಿದರೆ ಹೆಡ್‌ಕ್ಲರ್ಕು ಚಪ್ಪಲಿ ಮೆಟ್ಟಿ ತಯಾರಾಗಿದ್ದಾರೆ.

"ಕಚೇರಿ ವ್ಯಾನು ಹೇಳಿದ್ದೀನಿ. ವಿಭಾಗದವರೆಲ್ಲ ಬರ್ತೀವಿ. ನೂರ ಮೂರು ವರ್ಷ ಬದುಕಿದ ಜೀವ, ಒಂದು ಸಲ ಮುಖ ನೋಡ್ಬೇಡವಾ? ವಿಳಾಸ ಹೇಳಿ."

"ತುಂಬಾ ದೂರ," ಎಂದ ದೂರಪ್ಪ.

"ಎಷ್ಟು ದೂರ ಆದ್ರೇನು? ಟ್ಯಾಂಕ್ ತುಂಬ ಡೀಸೆಲ್ ಹಾಕ್ಸಿದ್ದೀನಿ."

ಕಿಟಕಿಯಾಚೆ ವ್ಯಾನು ಬಂದು ನಿಂತೇಬಿಟ್ಟಿತು. ಟೈಪಿಸ್ಟ್ ಹುಡುಗಿ ನೀರಿನ ಬಾಟಲು ಹಿಡಿದು ಕಿಟಕಿ ಪಕ್ಕದ ಸೀಟಿಗೆ ಓಡಿದಳು. ಇನ್ನಿಬ್ಬರು ಊಟದ ಡಬ್ಬಿ ಎತ್ತಿಕೊಂಡರು. ಇಡೀ ವಿಭಾಗಕ್ಕೆ ಪ್ರವಾಸ ಹೊರಡುವ ಕಳೆ ಬಂದಿತ್ತು. ಹನ್ನೆರಡು ಜನರನ್ನು ಸರಕಾರಿ ವ್ಯಾನಿನಲ್ಲಿ ಕೂರಿಸಿಕೊಂಡು, ಇಲ್ಲದ ಊರಿನ ಇಲ್ಲದ ಮನೆಯಲ್ಲಿ ಇಲ್ಲದ ಹೆಣ ತೋರಿಸಬೇಕು! ಕೆಲಸ ಹೋಗುವುದಕ್ಕೆ ಇದಕ್ಕಿಂತ ನೇರವಾದ ದಾರಿ ಇನ್ನೊಂದಿರಲಿಲ್ಲ. ದೂರಪ್ಪನ ಕಾಲುಗಳು ಆತನನ್ನು ಕೇಳದೆ ಇಂಜಿನಿಯರ್ ಸಾಹೇಬರ ಕೋಣೆಯ ಕಡೆ ನಡೆದವು.

ಸಾಹೇಬರು ಈ ಕಚೇರಿಗೆ ಬಂದು ನಾಲ್ಕು ವರ್ಷ. ಈ ನಾಲ್ಕು ವರ್ಷದಲ್ಲಿ ಅವರ ಹಲ್ಲು ಕಂಡವರಿಲ್ಲ. ನಸುಕಿನಲ್ಲೇ ಪಂಪ್‌ಹೌಸಿನ ತಪಾಸಣೆಗೆ ಹೋಗಿ ಆಗ ತಾನೇ ಬಂದಿದ್ದರು. ಬೂಟಿಗೆ ಕೆಸರು ಮೆತ್ತಿತ್ತು. ಫೈಲಿನಿಂದ ತಲೆ ಎತ್ತದೆ ಹೇಳಿದರು.

"ವಿಷಯ ತಿಳೀತು. ರಜೆಗೆ ಸಹಿ ಹಾಕ್ತೀನಿ, ಹೋಗಿ."

"ಸಾರ್, ನನಗೆ ದೊಡ್ಡಮ್ಮ ಇಲ್ಲ."

"ಅದೇ ಹೇಳಿದ್ರು. ಬೆಳಿಗ್ಗೆ ಹೋದ್ರಂತಲ್ಲ."

"ಇರಲೇ ಇಲ್ಲ ಸಾರ್. ಅದು ಟೀವಿಯಲ್ಲಿ. ಮನುಷ್ಯರೂ ಅಲ್ಲ, ಕಂಪ್ಯೂಟರು. 'ಒಂಬತ್ತನೇ ಕಕ್ಷೆ' ಅಂತ ಧಾರಾವಾಹಿ. ಅಳು ತಡೆಯೋಕಾಗ್ಲಿಲ್ಲ. ಪಕ್ಕದ ಮನೆಯವರು ತಪ್ಪು ತಿಳ್ಕೊಂಡ್ರು."

ಸಾಹೇಬರ ಪೆನ್ನು ನಿಂತಿತು. "ಏನಾಯ್ತು ಅದಕ್ಕೆ?" ಎಂದರು, ಬಹಳ ನಿಧಾನವಾಗಿ.

ಒಂಬತ್ತು ವರ್ಷದಲ್ಲಿ ದೂರಪ್ಪನನ್ನು ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ವಿಚಾರಣೆ ಶುರುವಾಗಿದೆ, ಏನನ್ನೂ ಮುಚ್ಚಿಡಬಾರದು ಎಂದುಕೊಂಡು ಆತ ಹೇಳತೊಡಗಿದ. ಹೇಳುತ್ತ ಹೇಳುತ್ತ ಭಯವೂ ಮರೆತುಹೋಯಿತು. "ಹಡಗಿಗೆ ತೂತು ಬಿದ್ದಿತ್ತು ಸಾರ್. ಇದ್ದ ಕರೆಂಟು ಜನರ ಉಸಿರಿಗೆ ಸಾಕು, ಇಲ್ಲಾ ದೊಡ್ಡಮ್ಮನಿಗೆ ಸಾಕು. ಯಾರನ್ನೂ ಎಬ್ಬಿಸಲಿಲ್ಲ ಸಾರ್ ಅವರು. ಎಲ್ಲರೂ ಮಲಗಿರುವಾಗ ತಮ್ಮ ದೀಪಗಳನ್ನ ತಾವೇ ಒಂದೊಂದಾಗಿ ಆರಿಸ್ತಾ ಬಂದ್ರು. ಅಡುಗೆಮನೇದು, ಓಣೀದು, ಮಕ್ಕಳ ಕೋಣೇದು. ಮಕ್ಕಳ ಕೋಣೇಲಿ ಸ್ವಲ್ಪ ಹೊತ್ತು ತಡೆದ್ರು. ಕೊನೇ ದೀಪ ಉಳಿದಾಗ ಒಂದೇ ಮಾತು ಅಂದ್ರು: 'ನಾಳೆ ಬೆಳಿಗ್ಗೆ ಯಾರೂ ಎಬ್ಬಿಸೋರಿಲ್ಲ ಮಕ್ಕಳೇ, ನೀವೇ ಏಳ್ಬೇಕು.' ಅಷ್ಟೇ ಸಾರ್."

ಸಾಹೇಬರು ಎದ್ದು ಗೋಡೆಯ ಕಡೆ ತಿರುಗಿ ನಿಂತಿದ್ದರು. ಭುಜ ಕುಲುಕುತ್ತಿತ್ತು. ನಗುತ್ತಿದ್ದಾರೆಂದು ದೂರಪ್ಪನಿಗೆ ಅನಿಸಿತು. ನಗಲಿ, ಮೆಮೋ ಕೊಡದಿದ್ದರೆ ಸಾಕು.

"ಎಲ್ಲಾ ಹೇಳಿಬಿಟ್ರಾ?" ಎಂದರು ಸಾಹೇಬರು.

"ಹೂಂ ಸಾರ್. ಒಂದೂ ಬಿಡದೆ."

"ಕೊನೇ ಮಾತು ಕೂಡ." ಸಾಹೇಬರು ಇತ್ತ ತಿರುಗಿದರು. ಮೀಸೆಯ ಮೇಲೆ ಎರಡೂ ಕಡೆಯಿಂದ ನೀರು ಇಳಿಯುತ್ತಿತ್ತು. "ನಾನಿನ್ನೂ ನೋಡಿರ್ಲಿಲ್ಲ ಕಣ್ರೀ! ಹಾಳು ತಪಾಸಣೆ ಅಂತ ಐದು ಗಂಟೇದು ತಪ್ಪಿಹೋಯ್ತು. ಸಂಜೆ ಮನೇಲಿ ಕೂತು ಮರುಪ್ರಸಾರ ನೋಡೋಣ ಅಂತ ಬೆಳಗಿಂದ ಯಾರ ಹತ್ರವೂ ಅದರ ಮಾತೆತ್ತದೆ ಬಂದಿದ್ದೀನಿ. ನೀವು ಹೆಸರು ಹೇಳಿದ್ರಿ, ತಡೆಯೋಕಾಗದೆ ಕೇಳಿಬಿಟ್ಟೆ."

ದೂರಪ್ಪನ ಎದೆ ಹಿಗ್ಗಿತು. "ನೀವೂ ನೋಡ್ತೀರಾ ಸಾರ್? ಹಾಗಾದ್ರೆ ನೀವೇ ಹೇಳಿ, ಆ ಎರಡನೇ ಇಂಜಿನ್ನು—"

"ಬಾಯ್ಮುಚ್ಚಿ! ಒಂಬತ್ತು ವರ್ಷ ರೀ, ಒಂಬತ್ತು ವರ್ಷ! ಟೀವಿಯವರು ಕೊಂದಿದ್ರೆ ತಡ್ಕೋತಿದ್ದೆ. ನೀವು ಕೊಂದ್ರಿ. ಇನ್ನು ನನ್ನ ಮುಂದೆ ಅವರ ಹೆಸರು ಎತ್ತಬೇಡಿ."

ದೂರಪ್ಪನ ರಜೆ ಅರ್ಜಿಯನ್ನು ಪಕ್ಕಕ್ಕೆ ಸರಿಸಿ, ಹೊಸ ಹಾಳೆಯ ಮೇಲೆ ಸಾಹೇಬರು ಏನೋ ಗೀಚಿದರು. ಕರವಸ್ತ್ರದಿಂದ ಮುಖ ಮುಚ್ಚಿಕೊಂಡು ಹೊರಗೆ ನಡೆದು, ಆ ಹಾಳೆಯನ್ನು ಹೆಡ್‌ಕ್ಲರ್ಕರ ಕೈಗಿಟ್ಟು, ಕಾದು ನಿಂತಿದ್ದ ವ್ಯಾನು ಹತ್ತಿದರು. ಒಳಗೆ ಕೂತಿದ್ದವರೆಲ್ಲ ದಡಬಡನೆ ಇಳಿದರು. "ಮನೆಗೆ," ಎಂದರು ಸಾಹೇಬರು. ವ್ಯಾನು ಹೊರಟುಹೋಯಿತು.

ಹೆಡ್‌ಕ್ಲರ್ಕು ಹಾಳೆಯನ್ನು ಒಂದು ಸಲ ಮನಸ್ಸಿನಲ್ಲಿ, ಇನ್ನೊಂದು ಸಲ ಗಟ್ಟಿಯಾಗಿ ಓದಿದರು. "ಮೂರು ದಿನ ರಜೆ. ಕಾರಣ, ದೊಡ್ಡಮ್ಮನ ಸಾವು." ಕನ್ನಡಕ ತೆಗೆದು ದೂರಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಮ್ಮಿಬ್ಬರಿಗೂ ಒಬ್ರೇ ದೊಡ್ಡಮ್ಮನಾ?"

ದೂರಪ್ಪನಿಗೆ ಸಾಕಾಗಿಹೋಗಿತ್ತು. ಅದೂ ಅಲ್ಲದೆ ಆ ದಿನ ಯಾರಾದರೂ ಕೇಳಿದ ಮಾತುಗಳಲ್ಲಿ ಸಂಪೂರ್ಣ ನಿಜವಾದದ್ದು ಅದೊಂದೇ. "ಹೂಂ," ಎಂದ.

"ಅಂದ್ರೆ ನೀವು ಸಾಹೇಬರ ತಮ್ಮ!" ಟೈಪಿಸ್ಟ್ ಹುಡುಗಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ನಾಲ್ಕು ವರ್ಷ ಒಂದು ಮಾತೂ ಹೇಳದೆ ಹೆಂಗಿದ್ರಿ ಅಣ್ಣ?"

ಹೆಡ್‌ಕ್ಲರ್ಕು ಕೆಮ್ಮಿ ಗಂಟಲು ಸರಿಮಾಡಿಕೊಂಡು ದೂರಪ್ಪನ ಫಾರಂ ಅನ್ನು ಎರಡಾಗಿ ಹರಿದರು. "ನಿಯಮ ಪ್ರಕಾರ ಒಂದು ಕುಟುಂಬದ ಒಂದು ಸಾವಿಗೆ ಒಬ್ಬರಿಗೇ ರಜೆ. ಅಣ್ಣ ಹೋದ ಮೇಲೆ ತಮ್ಮ ಇರ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ ಸಾರ್."

ಹದಿನೆಂಟು ವರ್ಷದಲ್ಲಿ ದೂರಪ್ಪನನ್ನು ಯಾರೂ 'ಸಾರ್' ಎಂದಿರಲಿಲ್ಲ. ಅದರ ಅರ್ಥವೇನೆಂದು ಯೋಚಿಸುವಷ್ಟರಲ್ಲಿ ಹೆಡ್‌ಕ್ಲರ್ಕು ಬಗ್ಗಿ, ಅತ್ತಿತ್ತ ನೋಡಿ, ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ನನ್ನ ವರ್ಗಾವಣೆ ವಿಚಾರ. ದುಃಖದ ಹೊತ್ತು, ಹೇಳಬಾರದು. ಆದ್ರೂ ಅಣ್ಣನವರ ಕಿವಿಗೆ ಒಂದು ಮಾತು ಹಾಕಿದ್ರೆ..."

ಅವರ ಹಿಂದೆ ಟೈಪಿಸ್ಟ್ ಹುಡುಗಿ ನಿಂತಿದ್ದಳು, ಕೈಯಲ್ಲಿ ಬಡ್ತಿಯ ಅರ್ಜಿ. ಅವಳ ಹಿಂದೆ ಊಟದ ಡಬ್ಬಿಯವರಿಬ್ಬರು, ಅವರ ಹಿಂದೆ ಉಳಿದವರು. ಸಾಲು ಬಾಗಿಲು ದಾಟಿ ಓಣಿಯವರೆಗೆ ಹೋಗಿತ್ತು. ಮೂರು ಫೋನೂ ಒಂದೇ ಸಮ ಬಡಿದುಕೊಳ್ಳುತ್ತಿದ್ದವು. ಎತ್ತುವವರು ಯಾರೂ ಇರಲಿಲ್ಲ, ಎಲ್ಲರೂ ಸಾಲಿನಲ್ಲಿದ್ದರು. ದೂರಪ್ಪ ಒಂದು ಕೈಯಲ್ಲಿ ಫೋನು ಎತ್ತಿಕೊಂಡು ಇನ್ನೊಂದು ಕೈಯನ್ನು ಅರ್ಜಿಗೆ ಚಾಚಿದ.

"ದೂರು ವಿಭಾಗ. ಹೇಳಿ," ಎಂದ. ಯಾರಿಗೆ ಹೇಳಿದನೆಂದು ಆತನಿಗೇ ತಿಳಿಯಲಿಲ್ಲ.