ಟ್ಯಾಂಕ್ ಎಷ್ಟುದ್ದ?

ಮೀನಿಗೆ ಬಾಯಿದೆ, ಮಾತಿಲ್ಲ. ಅದರ ಪರವಾಗಿ ಯಾರಾದರೂ ಮಾತಾಡಬೇಕಾಗುತ್ತದೆ. ಮಾತಾಡಿದವರಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಬಾಗಲಗುಂಟೆಯಲ್ಲಿ ನನ್ನ ಬಣ್ಣದ ಮೀನಿನ ಅಂಗಡಿ ಇರುವವರೆಗೆ ಇವು ನಡೆಯುತ್ತಲೇ ಇರುತ್ತವೆ.

ಅಂಗಡಿ ಇರುವವರೆಗೆ ಅಂದೆ. ಹೋದ ವರ್ಷ ಅದೇ ಅನುಮಾನವಾಗಿತ್ತು.

ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಬಿಟ್ಟು ಈ ಅಂಗಡಿ ಮಾಡಿದವಳು ನಾನು. ಟ್ಯಾಂಕುಗಳ ಗಾಜು ನಾನೇ ಅಂಟಿಸಿದ್ದು. ಮೀನಿನ ವಿಷಯ ಯಾರೂ ಹೇಳಿಕೊಡಲಿಲ್ಲ. ಮೇವಿನ ಡಬ್ಬಿಯ ಹಿಂದಿನ ಸಣ್ಣ ಅಕ್ಷರದಿಂದ ಶುರುಮಾಡಿ, ರದ್ದಿ ಅಂಗಡಿಯಲ್ಲಿ ಸಿಕ್ಕ ಪುಸ್ತಕಗಳನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿ ಕಲಿತೆ. ಕಷ್ಟಪಟ್ಟು ಕಲಿತದ್ದನ್ನು ಬಿಟ್ಟುಕೊಡುವುದು ನನ್ನ ಜಾಯಮಾನವಲ್ಲ. ಹಾಗಾಗಿ ಅಂಗಡಿಗೆ ಒಂದು ನಿಯಮವಿದೆ. ಯಾರು ಮೀನು ಕೇಳಿದರೂ ಬೆಲೆ ಹೇಳುವ ಮೊದಲು, "ಟ್ಯಾಂಕ್ ಎಷ್ಟುದ್ದ?" ಎಂದು ಕೇಳುತ್ತೇನೆ. ಉತ್ತರ ಸರಿಯಿಲ್ಲದಿದ್ದರೆ ಮೀನು ಕೊಡುವುದಿಲ್ಲ.

ಕಟ್ಟಡದ ಓನರು ಗೌಡರಿಗೆ ಈ ನಿಯಮ ಹಿಡಿಸುತ್ತಿರಲಿಲ್ಲ. ಒಂದು ಕಾಲಕ್ಕೆ ಇಲ್ಲೇ ಅವರ ರಾಗಿ ಹೊಲವಿತ್ತಂತೆ. ಈಗ ಮುಂದೆ ಅಂಗಡಿಗಳು, ಹಿಂದೆ ಸಾಲಾಗಿ ಬಾಡಿಗೆ ರೂಮುಗಳು. ದಿನಾ ಬೆಳಿಗ್ಗೆ ನನ್ನ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತು, ತಮ್ಮ ಹೊಲದಲ್ಲಿ ಏನು ಬೆಳೆಯುತ್ತಿದೆ ಎಂದು ನೋಡುತ್ತಿದ್ದರು.

ಬಾಟಲಿ

ಚಿಕ್ಕಬಾಣಾವರದ ಕಡೆಯ ಅಪಾರ್ಟ್‌ಮೆಂಟಿನಿಂದ ಒಬ್ಬ ತಾಯಿ ಬಂದರು. ಮಗಳ ಹುಟ್ಟುಹಬ್ಬ, ಬಂದ ಮಕ್ಕಳಿಗೆಲ್ಲ ರಿಟರ್ನ್ ಗಿಫ್ಟ್ ಕೊಡಬೇಕು. ಜಾಮ್ ಬಾಟಲಿಯಷ್ಟು ಗಾಜಿನ ಬಾಟಲಿಗಳನ್ನು ರಿಬ್ಬನ್ ಕಟ್ಟಿ ತಂದಿದ್ದರು.

"ಒಂದೊಂದಕ್ಕೆ ಒಂದೊಂದು ಗೋಲ್ಡ್ ಫಿಶ್ ಹಾಕಿಕೊಡಿ ಅಕ್ಕ."

"ಮೇಡಂ, ಇದರಲ್ಲಿ ಅದು ತಿರುಗೋಕೂ ಆಗಲ್ಲ. ಎರಡು ದಿನ ಬದುಕಿದ್ರೆ ಹೆಚ್ಚು."

"ಪಾರ್ಟಿ ಒಂದೇ ದಿನ ಅಲ್ವಾ?"

"ಹುಟ್ಟುಹಬ್ಬಕ್ಕೆ ಕರೆದು ತಿಥಿ ಊಟ ಕಟ್ಟಿ ಕಳಿಸ್ದಂಗಾಗುತ್ತೆ ಮೇಡಂ" ಅಂದೆ.

ಅವರು ಬಾಟಲಿಗಳನ್ನು ಕಾರಿಗೆ ತುಂಬಿಕೊಂಡು ಹೊರಟುಹೋದರು. ಬೆಂಚಿನ ಮೇಲಿದ್ದ ಗೌಡರು ಕಾರು ತಿರುಗುವವರೆಗೂ ನೋಡಿದರು.

"ಬಂದ ಲಕ್ಷ್ಮೀನ ಬಾಗ್ಲಲ್ಲಿ ನಿಲ್ಸಿ, 'ಎಷ್ಟುದ್ದ ಇದೀಯಾ' ಅಂತ ಕೇಳೋ ಅಂಗ್ಡಿ ನಾನೆಲ್ಲೂ ಕಂಡಿಲ್ಲ ಕಣವ್ವ. ದೀಪಾವಳಿಗೆ ನಿನ್ನ ಅಗ್ರಿಮೆಂಟ್ ಮುಗೀತದೆ. ಕಬಾಬಿನೋನು ಒಬ್ಬ ದಿನಾ ಬಂದು ಕೇಳ್ತಾವ್ನೆ. ಅವ್ನೂ ಮೀನು ಮಾರ್ತೀನಿ ಅಂದ."

"ಅವನು ಟ್ಯಾಂಕ್ ಎಷ್ಟುದ್ದ ಅಂತ ಕೇಳ್ತಾನಾ ಗೌಡ್ರೇ?"

"ಕೇಳಲ್ಲ. ಎಣ್ಣೆ ಬಾಂಡ್ಲಿ ಎಲ್ರ ಮೀನಿಗೂ ಸಾಕಾಗ್ತದಂತೆ."

ನಗು ಬಂತು, ಆದರೆ ಕಣ್ಣು ಟ್ಯಾಂಕುಗಳ ಕಡೆ ಹೋಯಿತು. ಅಂಗಡಿ ಬದಲಿಸುವುದೆಂದರೆ ನನಗೆ ಬರೀ ಸಾಮಾನು ಸಾಗಿಸುವುದಲ್ಲ. ಒಂದು ಟ್ಯಾಂಕಿನ ನೀರು ಮೀನಿಗೆ ಒಗ್ಗುವಂತಾಗಲು ವಾರಗಟ್ಟಲೆ ಬೇಕು. ಅಷ್ಟೂ ಟ್ಯಾಂಕು ಖಾಲಿಮಾಡಿ ಇನ್ನೊಂದು ಕಡೆ ಹೂಡಿದರೆ ಅರ್ಧ ಮೀನು ಉಳಿಯುವುದಿಲ್ಲ.

ಶುಕ್ರವಾರ

ನನ್ನಿಂದ ಮೀನು ಕೊಂಡ ಅಜ್ಜಿಯೊಬ್ಬರು ಪ್ರತಿ ಶನಿವಾರ ಬಂದು, "ಇನ್ನೊಂದು ಹೋಯ್ತು ಕಣಮ್ಮ" ಅನ್ನುತ್ತಿದ್ದರು. ಟ್ಯಾಂಕು ದೊಡ್ಡದೇ ಇತ್ತು, ನೀರೂ ಒಳ್ಳೆಯದೇ. ಮನೆಗೆ ಹೋಗಿ ನೋಡಿದೆ. ಟ್ಯಾಂಕು ಪಳಪಳ ಹೊಳೆಯುತ್ತಿತ್ತು. ಶುಕ್ರವಾರ ದೇವರ ಸಾಮಾನು ಬೆಳಗುವಾಗ ಅಜ್ಜಿ ಟ್ಯಾಂಕನ್ನೂ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಫಿಲ್ಟರಿನ ಸ್ಪಂಜನ್ನು ಬಿಸಿನೀರಿನಲ್ಲಿ ಹಿಂಡಿ ದೀಪದ ಕಂಬಗಳ ಪಕ್ಕ ಬಿಸಿಲಿಗೆ ಇಡುತ್ತಿದ್ದರು.

"ಅಜ್ಜಿ, ಆ ಸ್ಪಂಜಿನ ಲೋಳೆಯಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ. ಮೀನಿನ ಹೇಸಿಗೆಯ ವಿಷ ತೆಗೆಯೋದು ಅವೇ. ನೀವು ಅದನ್ನ ಪೂರ್ತಿ ತೊಳೆದುಬಿಟ್ರೆ ನೀರು ನೋಡೋಕೆ ಮಾತ್ರ ಚೆನ್ನಾಗಿರುತ್ತೆ."

ಅಜ್ಜಿ ಸ್ವಲ್ಪ ಯೋಚಿಸಿದರು. "ಅಂದ್ರೆ ಹೆಪ್ಪು. ಮೊಸರಿನ ಪಾತ್ರೆ ತೊಳೆದ್ರೂ ನಾಳೆಗೆ ಒಂದು ಚಮಚ ಹೆಪ್ಪು ಎತ್ತಿಡ್ಬೇಕಲ್ಲ, ಹಾಗೆ."

ಅಷ್ಟು ವರ್ಷ ಓದಿದ ನನಗೆ ಹೊಳೆಯದ ಮಾತು. ಅಂದಿನಿಂದ ಅದನ್ನೇ ಎಲ್ಲರಿಗೂ ಹೇಳುತ್ತೇನೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಸ್ಪಂಜನ್ನು ಅದೇ ಟ್ಯಾಂಕಿನ ನೀರಿನಲ್ಲಿ ಅದ್ದಿ ತೆಗೆಯಿರಿ, ಹೆಪ್ಪು ಉಳಿಯಲಿ.

ತಿಂಗಳ ಮೇಲೆ ಅಜ್ಜಿ ಸಿಕ್ಕಿದರು. ಮೀನೆಲ್ಲ ಗಟ್ಟಿಮುಟ್ಟಾಗಿದ್ದವಂತೆ.

"ತೊಳೆಯೋದು ಬಿಟ್ರಾ ಅಜ್ಜಿ?"

"ಬಿಟ್ಟೆ ಕಣಮ್ಮ. ಆದ್ರೆ ಶುಕ್ರವಾರ ಬಂದ್ರೆ ಕೈ ತಡೆಯಲ್ಲ. ಅದಕ್ಕೇ ಈಗ ಪಕ್ಕದ ಮನೆಯವರ ಟ್ಯಾಂಕ್ ತೊಳೆದುಕೊಡ್ತಾ ಇದೀನಿ."

ಮೂರು ಶಿಫ್ಟು

ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯ ರಿಸೆಪ್ಷನ್ನಿನಲ್ಲಿ ನಾನೇ ಕೂಡಿಸಿದ ಟ್ಯಾಂಕಿತ್ತು. ನೀರು ಗಂಜಿಯಂತಾಗಿದೆ, ಮೀನಿನ ಹೊಟ್ಟೆ ಊದಿದೆ ಎಂದು ಫೋನ್ ಬಂತು. ಹೋಗಿ, "ಮೇವು ಹಾಕೋದು ಯಾರು?" ಎಂದು ಕೇಳಿದೆ.

ಸೆಕ್ಯೂರಿಟಿಯವರು, "ನಾನೇ ಮೇಡಂ. ಪಾಪ, ಬೇರೆ ಶಿಫ್ಟಿನವ್ರು ಹಾಕಿರಲ್ಲ" ಅಂದರು. ಕ್ಯಾಂಟೀನಿನಾಕೆ, "ಸೆಕ್ಯೂರಿಟಿಗೆ ಎಲ್ಲಿ ನೆನಪಿರುತ್ತೆ ಅಕ್ಕ, ನಾನೇ ಒಂದು ಹಿಡಿ ಹಾಕ್ತೀನಿ" ಅಂದಳು. ಅಷ್ಟರಲ್ಲಿ ಒಳಗಿಂದ ಬಂದ ಸೂಪರ್‌ವೈಸರ್, ಟ್ಯಾಂಕಿನ ಹತ್ತಿರ ಬಗ್ಗಿ, "ಊಟ ಆಯ್ತೇನ್ರೋ?" ಎಂದು ಮೀನುಗಳನ್ನೇ ವಿಚಾರಿಸಿ, ಉತ್ತರ ಬಾರದ್ದರಿಂದ ಡಬ್ಬಿ ಬಗ್ಗಿಸಿದರು.

"ಸಾರ್, ಎರಡು ನಿಮಿಷದಲ್ಲಿ ತಿಂದು ಮುಗಿಸೋವಷ್ಟು, ದಿನಕ್ಕೊಂದೇ ಸಲ. ಉಳಿದದ್ದು ಕೊಳೆತು ನೀರು ಕೆಡಿಸುತ್ತೆ" ಅಂದೆ.

"ಒಂದೇ ಸಲಾನಾ? ನಮ್ಮಲ್ಲಿ ಮೂರು ಶಿಫ್ಟ್ ಇದೆ ಮೇಡಂ."

"ನೀವು ಶಿಫ್ಟಿಗೊಬ್ಬರು ಬರ್ತೀರ ಸಾರ್. ಮೀನು ಮೂರೂ ಶಿಫ್ಟಿಗೆ ಅದೇ."

ಅವರು ಗಂಭೀರವಾಗಿ ತಲೆಯಾಡಿಸಿದರು. "ಅಂದ್ರೆ ನಾವು ತಿನ್ನೋ ಕೆಲಸದಲ್ಲೂ ಓವರ್‌ಟೈಮ್ ಮಾಡಿಸಿದೀವಿ."

ವಾಪಸ್ ಬಂದು ಗೌಡರಿಗೆ ಇದನ್ನು ಹೇಳಬಾರದಿತ್ತು. ಹೇಳಿದೆ. ಅವರು ಹಣೆ ಚಚ್ಚಿಕೊಂಡರು. "ಮೇವು ಮಾರೋಳೇ ಕಮ್ಮಿ ಹಾಕಿ ಅಂತಾಳಲ್ಲಪ್ಪ. ಆ ಕಬಾಬಿನೋನು ಯಾರ್ಗಾದ್ರೂ ಕಮ್ಮಿ ತಿನ್ನಿ ಅಂತಾನಾ?"

ಗಂಗೆ

ದೀಪಾವಳಿಗೆ ಮೊದಲು ಗೌಡರ ಹೊಸ ಮನೆಯ ಗೃಹಪ್ರವೇಶ ಬಂತು. ಟಿವಿ ಕೆಳಗೆ ಬಡಗಿ ಒಂದು ಟ್ಯಾಂಕ್ ಕೂಡಿಸಿದ್ದ. ನೋಡಲು ಚೆಂದ, ಉದ್ದ ಎರಡಡಿ. ಅದೃಷ್ಟಕ್ಕೆ ಒಳ್ಳೆಯದೆಂದು ಯಾರೋ ಹೇಳಿದ್ದಾರೆಂದು, ಬೆಳೆದರೆ ಅದಕ್ಕಿಂತ ಉದ್ದವಾಗುವ ಅರೋವಾನ ಮೀನು ಬೇಕೆಂದು ಗೌಡರು ಬಂದರು.

ಅಗ್ರಿಮೆಂಟು ಕಣ್ಣ ಮುಂದೆ ಬಂತು. ಕೊಟ್ಟುಬಿಡೋಣವೆಂದು ಒಂದು ಗಳಿಗೆ ಅನ್ನಿಸಿತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು, "ಕೊಡಲ್ಲ ಗೌಡ್ರೇ" ಅಂದುಬಿಟ್ಟಿತು.

"ನಂಗೂ ಇಲ್ವಾ?"

"ನೀವು ಹಸು ಎಮ್ಮೆ ಸಾಕಿದೋರು. ಎಮ್ಮೆ ತಂದು ಕೋಳಿಗೂಡಲ್ಲಿ ಕಟ್ತಿದ್ರಾ?"

ಗೌಡರಿಗೆ ಕೋಪ ಬಂತು. ಆ ಟ್ಯಾಂಕಿಗೆ ಸಣ್ಣ ಗಪ್ಪಿ ಮೀನುಗಳು ಒಪ್ಪುತ್ತವೆ, ಅವನ್ನೂ ಈಗಲೇ ಬಿಡಬಾರದು, ಫಿಲ್ಟರ್ ಓಡಿಸಿ ಸ್ಪಂಜಿನಲ್ಲಿ ಹೆಪ್ಪು ಕೂಡುವವರೆಗೆ ಕಾಯಬೇಕು ಅಂದೆ. ಗೃಹಪ್ರವೇಶದ ದಿನ ಬರೀ ನೀರೇ ಇರಬೇಕೆಂಬುದನ್ನು ಕೇಳಿ ಅವರು ಟವಲು ಕೊಡವಿ ಎದ್ದುಹೋದರು. ಆ ಸಂಜೆ ನಾನು ಬೇರೆ ಅಂಗಡಿ ಹುಡುಕಲು ಹೊರಟೆ.

ಗೃಹಪ್ರವೇಶದ ಮಾರನೆಯ ದಿನ ಗೌಡರು ಬಂದು ಬೆಂಚಿನ ಮೇಲೆ ಕೂತರು.

"ನೀನು ಏಳಿದ್ದೇ ಸರಿ ಕಣವ್ವ. ಮೀನು ಇದ್ದಿದ್ರೆ ಮಾನ ಓಗೋದು."

ಆಗಿದ್ದಿಷ್ಟು. ಮೀನಿಲ್ಲದ ಟ್ಯಾಂಕಿನಲ್ಲಿ ತಿಳಿನೀರು, ಅದರೊಳಗೆ ಒಂದು ದೀಪ. ಬಂದ ನೆಂಟರಲ್ಲಿ ಯಾರೋ ಮೊದಲನೆಯವರು ಇದು ಗಂಗೆಪೂಜೆಗೆ ಇಟ್ಟಿದ್ದೆಂದು ಅರಿಶಿನ ಕುಂಕುಮ ಹಾಕಿ ಕೈಮುಗಿದಿದ್ದಾರೆ. ಹಿಂದೆ ಬಂದವರೆಲ್ಲ ಸಾಲಾಗಿ ನಿಂತು ಹಾಗೇ ಮಾಡಿದ್ದಾರೆ. ಊಟದ ಹೊತ್ತಿಗೆ ನೀರು ರಕ್ತದಂತೆ ಕೆಂಪಗಿತ್ತಂತೆ.

"ನೀವು ಯಾಕೆ ತಡೀಲಿಲ್ಲ ಗೌಡ್ರೇ?"

"ಎಂಗೆ ತಡೀಲವ್ವ? ಮೊದ್ಲು ಕುಂಕುಮ ಹಾಕಿದ್ದು ನನ್ನ ಎಂಡ್ತಿ."

ಆರು ಜನ

ಅಂದಿನಿಂದ ಗೌಡರು ನನ್ನ ನಿಯಮಕ್ಕೆ ನನಗಿಂತ ಹೆಚ್ಚು ನಿಷ್ಠರಾದರು. ಗಿರಾಕಿ ಮೆಟ್ಟಿಲು ಹತ್ತುವ ಮುಂಚೆಯೇ ಬೆಂಚಿನಿಂದ, "ಟ್ಯಾಂಕ್ ಎಷ್ಟುದ್ದ?" ಎಂದು ಕೇಳುವರು. ಅಗ್ರಿಮೆಂಟಿನ ಮಾತನ್ನು ಮಾತ್ರ ಎತ್ತಲಿಲ್ಲ. ಕಬಾಬಿನವನು ಬರುವುದನ್ನೂ ನಿಲ್ಲಿಸಲಿಲ್ಲ. ಕೇಳಲು ನನಗೆ ಸ್ವಾಭಿಮಾನ ಅಡ್ಡ ಬಂತು.

ಒಂದು ಭಾನುವಾರ ಹಿಂದಿನ ಸಾಲಿನ ರೂಮಿನಿಂದ ಒಬ್ಬಾತ ಬಂದ. ಯಾದಗಿರಿ ಕಡೆಯವನು, ಕಟ್ಟಡದ ಕೆಲಸ. ಕಂಕುಳಲ್ಲಿ ಯಾರೋ ಬಿಸಾಡಿದ್ದ ಒಂದು ಸಣ್ಣ ಟ್ಯಾಂಕಿತ್ತು.

"ಅಕ್ಕಾರ, ಆರು ಗೋಲ್ಡ್ ಫಿಶ್ ಕೊಡ್ರಿ. ರೂಮಿನ್ಯಾಗ ಆರು ಮಂದಿ ಅದೀವಿ. ಒಬ್ಬೊಬ್ಬರ್ದು ಒಂದೊಂದು."

ನಾನು ಬಾಯಿ ತೆರೆಯುವ ಮೊದಲೇ ಗೌಡರು ಎದ್ದು ಬಂದರು.

"ಆರಾ? ಇದ್ರಾಗಾ? ಲೋ, ಅದೂ ಒಂದು ಜೀವ ಅಲ್ವೇನಪ್ಪ? ತಿರುಗೋಕೆ ಜಾಗ ಬ್ಯಾಡ್ವಾ? ಉಸಿರಿಗೆ ಗಾಳಿ ಬ್ಯಾಡ್ವಾ? ಇಂಗೆ ಒತ್ತೊತ್ತಾಗಿ ತುಂಬಿದ್ರೆ ನೀರು ಕೆಡ್ತದೆ, ಒಂದಕ್ಕೆ ಕಾಯಿಲೆ ಬಂದ್ರೆ ಎಲ್ಲಕ್ಕೂ ಬತ್ತದೆ, ಒಂದಕ್ಕೊಂದು ಕಚ್ಚಾಡ್ತವೆ. ತುಂಬಿದೋನಿಗೆ ಪಾಪ ಸುತ್ಕೊಳ್ತದೆ."

ಆತ ಪೂರ್ತಿ ಕೇಳಿಸಿಕೊಂಡ. ಮುಖದಲ್ಲಿ ವ್ಯಂಗ್ಯವಿರಲಿಲ್ಲ.

"ಖರೇ ಅದರೀ ಯಜಮಾನ್ರ. ನಮ್ಮ ರೂಮಿನ್ಯಾಗೂ ಹಂಗ ಆಗ್ಯಾದ. ಒಬ್ಬಂಗ ನೆಗಡಿ ಬಂದ್ರ ಆರೂ ಮಂದಿಗಿ ಬರ್ತದ. ಮಗ್ಗಲಾ ಬದಲಿಸ್ಬೇಕಂದ್ರ ಎಲ್ಲಾರೂ ಕೂಡೇ ಬದಲಿಸ್ಬೇಕ್ರಿ."

ಆ ರೂಮನ್ನು ಆರು ಜನಕ್ಕೆ ಕೊಟ್ಟವರು ಗೌಡರೇ.

ಆತ ನನ್ನ ಕಡೆ ತಿರುಗಿದ. "ಇದ್ರಾಗ ಎಷ್ಟು ಇರ್ತಾವ್ರಿ ಅಕ್ಕಾರ?"

"ಒಂದೇ ಒಂದು ಫೈಟರ್ ಮೀನು ಆರಾಮಾಗಿರುತ್ತಪ್ಪ."

"ಹಂಗಾದ್ರ ಒಂದ ಕೊಡ್ರಿ. ನಮ್ಮ ರೂಮಿನ್ಯಾಗ ಒಬ್ಬರಾದ್ರೂ ಕಾಲು ಚಾಚಿ ಮಲಗ್ಲಿ."

ಆತ ಹೋದ ಮೇಲೆ ಗೌಡರು ಒಳಗೆ ಬಂದು ನನ್ನ ಟ್ಯಾಂಕುಗಳನ್ನು ಒಂದೊಂದಾಗಿ ನೋಡಿದರು. ನನಗೂ ನೋಡಬೇಕೆನ್ನಿಸಿತು. ಗಾಜಿನಾಚೆ ಇಟ್ಟರೆ ಎಲ್ಲವೂ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಆ ವಾರವೇ ಹಿಂದಿನ ಸಾಲಿನಲ್ಲಿ ಹಳೇ ನೇಗಿಲು, ಒಡೆದ ಬಾಗಿಲು ತುಂಬಿದ್ದ ರೂಮು ಖಾಲಿಯಾಗಿ ಸುಣ್ಣ ಕಂಡಿತು. ಆರು ಜನರಲ್ಲಿ ಮೂವರು ಅಲ್ಲಿಗೆ ಹೋದರು, ಬಾಡಿಗೆ ಹೆಚ್ಚಿಸದೆ. ದೀಪಾವಳಿಯ ಹಿಂದಿನ ದಿನ ಗೌಡರು ನನ್ನ ಹತ್ತಿರ ಬಂದರು.

"ಕಬಾಬಿನೋನಿಗೆ ಇಲ್ಲ ಅಂದಿವ್ನಿ. ಅಂಗ್ಡಿ ನಿಂದೇ ಇರ್ಲಿ. ಆದ್ರೆ ಒಂದು ಷರತ್ತು."

"ಏನು ಗೌಡ್ರೇ? ಎಲ್ಲರಿಗೂ ಕೇಳಿದಷ್ಟು ಮೀನು ಕೊಡ್ಬೇಕಾ?"

"ಅದಲ್ಲ." ಅವರು ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದರು. "ಟ್ಯಾಂಕಿನ ಅಳತೆ ಮಾತಾಡ್ವಾಗ ಷಟರ್ ಸ್ವಲ್ಪ ಎಳ್ಕೊ ಕಣವ್ವ. ಇಂದ್ಗಡೆ ಸಾಲಲ್ಲಿ ಆರಾರು ಜನ ಇರೋ ರೂಮು ಇನ್ನೂ ನಾಲ್ಕವೆ."