ಪಿಯಾನೋ ಮುಂದೆ ಸುಮ್ಮನೆ ಕೂರುವುದನ್ನು ಕಲಿಸಿಕೊಡುವ ಬಗ್ಗೆ

ಇಂದ:
ಟೈರ್ ಅಂಗಡಿ ಕೆಲಸಗಾರ (ಎಂಟನೇ ತರಗತಿ, ಅರ್ಧಕ್ಕೆ),
ಸಂಜೆ ತರಗತಿಯ ಪಿಯಾನೋ ವಿದ್ಯಾರ್ಥಿ

ಗೆ:
ಮಾನ್ಯ ಪ್ರಾಂಶುಪಾಲರು, ಸಂಗೀತ ಶಾಲೆ

ಉಲ್ಲೇಖ: ನಿನ್ನೆಯ ತಾಲೀಮಿನಲ್ಲಿ ವಾದ್ಯವೃಂದದ ನಿರ್ದೇಶಕರು ಎಲ್ಲರೆದುರು ನುಡಿದದ್ದು: “ಲೇ ಟೈರು, ನಿಲ್ಸೋ! ಇಷ್ಟು ಜನ ಪಿಟೀಲು ಹಿಡ್ಕೊಂಡು ನೊಣ ಹೊಡೀತಾ ಕೂತಿದೀವಾ? ಸ್ಕೂಲು ಬಿಟ್ಟೋನಿಗೆ ಪಿಯಾನೋ ಕೊಟ್ರೆ ಹಿಂಗೇ ಆಗೋದು!”

ವಿಷಯ: ಭಾನುವಾರದ ಕಾರ್ಯಕ್ರಮದಿಂದ ನನ್ನನ್ನು ಕೈಬಿಡದಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ಇದು ನನ್ನ ಮೊದಲ ಕಾನ್ಚರ್ಟೊ. ಅಂದರೆ ಪಿಯಾನೋದವನು ಒಬ್ಬ, ಎದುರಿಗೆ ಇಡೀ ವಾದ್ಯವೃಂದ. ಅವರು ನುಡಿಸುವಾಗ ಇವನು ಕಾಯಬೇಕು. ಕಾಯಬೇಕೆಂದು ನನಗೆ ತಿಳಿದದ್ದು ನಿನ್ನೆ.

೨. ನಮ್ಮ ಪಿಯಾನೋ ಮೇಡಂ ಕಾಲು ಮುರಿದುಕೊಂಡು ರಜೆ ಮೇಲೆ ಹೋಗುವಾಗ ಇದರ ಸ್ವರಲಿಪಿಯ ಪುಸ್ತಕ ಕೈಗಿಟ್ಟು, “ಇದರಲ್ಲಿರೋದು ಒಂದೂ ಬಿಡ್ಬೇಡ, ಪೂರ್ತಿ ಕಲ್ತಿಡು” ಎಂದರು. ಮೇಲಿನ ಸಾಲು ಮಾತ್ರ ನನ್ನದು, ಕೆಳಗಿನದು ವಾದ್ಯವೃಂದದ್ದು, ಅಭ್ಯಾಸದ ವೇಳೆ ಅದನ್ನು ಗುರುಗಳು ಇನ್ನೊಂದು ಪಿಯಾನೋದಲ್ಲಿ ನುಡಿಸುತ್ತಾರೆ ಎಂಬ ಪದ್ಧತಿಯನ್ನು ಯಾರೂ ಹೇಳಲಿಲ್ಲ. ಆದಕಾರಣ ಎರಡನ್ನೂ ಕಲಿತೆ.

೩. ಬೆರಳು ಸಾಲದ ಕಡೆ ಮೊಣಕೈ ಬಳಸಲಾಯಿತು. ನಮ್ಮಕ್ಕ ನೋಡಿ, “ಇದನ್ನ ಬರೆದೋನಿಗೆ ಎಷ್ಟು ಕೈ ಇತ್ತೋ ಮಾರಾಯ?” ಎಂದಳು. ದೊಡ್ಡವರು ಬರೆದದ್ದು ಕಷ್ಟವೇ ಇರುತ್ತದೆ ಎಂದು ಅವಳನ್ನೇ ಗದರಿಸಿದೆ. ಸದರಿ ಗದರಿಕೆಯನ್ನು ಹಿಂಪಡೆಯಲಾಗಿದೆ.

೪. ನಿನ್ನೆ ನಿರ್ದೇಶಕರು ಕೋಲೆತ್ತಿದೊಡನೆ ಅವರೂ ಶುರು ಮಾಡಿದರು, ನಾನೂ ಶುರು ಮಾಡಿದೆ. ಪಿಟೀಲಿನವರು ನಕ್ಕರು. ಕೊಳಲಿನವರೊಬ್ಬರು ಮಾತ್ರ, “ಪಾಪ, ನಮ್ದೂ ಸರಿಯಾಗೇ ನುಡಿಸ್ತಿದಾನಲ್ರೀ” ಎಂದರು. ಪಾಪ ಎಂಬ ಪದಕ್ಕೂ ನನ್ನ ಆಕ್ಷೇಪಣೆ ಇದೆ.

೫. ತಪ್ಪಾಗಿದೆ, ಒಪ್ಪಿದೆ. ಆದರೆ ಇದಕ್ಕೂ ಸ್ಕೂಲು ಬಿಟ್ಟದ್ದಕ್ಕೂ ಏನು ಸಂಬಂಧ? ಎಂಟನೇ ತರಗತಿಯಲ್ಲಿ ಕಾನ್ಚರ್ಟೊ ಇರಲಿಲ್ಲ. ಒಂಬತ್ತರಲ್ಲಿ ಇತ್ತೆಂದಾದರೆ ನಿರ್ದೇಶಕರು ದಾಖಲೆ ಸಮೇತ ತೋರಿಸಲಿ.

ಆದ್ದರಿಂದ, ನನ್ನ ಜಾಗವನ್ನು ಬೇರೆಯವರಿಗೆ ಕೊಡದೆ, ಭಾನುವಾರದೊಳಗೆ ಸುಮ್ಮನೆ ಕೂರುವುದನ್ನು ಯಾರಿಂದಲಾದರೂ ಕಲಿಸಿಕೊಡಬೇಕಾಗಿ ಕೋರಿಕೆ. ನುಡಿಸುವುದು ಬರುತ್ತದೆ. ಅಂದು ವಾದ್ಯವೃಂದದಲ್ಲಿ ಯಾರಾದರೂ ರಜೆ ಹಾಕಿದ್ದಲ್ಲಿ ತಾವು ಗಾಬರಿಯಾಗುವ ಕಾರಣವಿಲ್ಲ.

ಇನ್ನೂ ಹೆಸರು ಹೊಡೆದುಹಾಕಿಲ್ಲವೆಂದು ನಂಬಿರುವ,
ತಮ್ಮ ವಿಶ್ವಾಸಿ
(ಸಹಿ)

ಲಗತ್ತು: ಸದರಿ ಪುಸ್ತಕ, ಗ್ರೀಸ್ ಕಲೆ ಸಮೇತ. ಕೆಳಗಿನ ಸಾಲುಗಳನ್ನು ಪೆನ್ಸಿಲಿನಿಂದ ಹೊಡೆದುಹಾಕಿದೆ. ಪರಿಶೀಲಿಸಿ ಇವತ್ತೇ ವಾಪಸ್ ಕೊಡುವುದು, ಅಭ್ಯಾಸ ಮಾಡುವುದಿದೆ.

ವಿ.ಸೂ.: ನಿನ್ನೆ ನಾನು ಎದ್ದಾಗ ನಿರ್ದೇಶಕರು, “ಭಾನುವಾರ ಬರ್ತೀಯೋ ಇಲ್ವೋ, ಹೇಳಿ ಹೋಗೋ!” ಎಂದು ಕೂಗಿದರು. ಬಾಯಿ ತೆರೆದರೆ ಏನು ಹೊರಬೀಳುತ್ತದೋ ಖಾತ್ರಿ ಇಲ್ಲದ ಕಾರಣ, ಪಿಯಾನೋ ಮುಚ್ಚಳವನ್ನು ಮೆಲ್ಲಗೆ ಮುಚ್ಚಿ, ಪಿಟೀಲಿನವರ ನಡುವೆ ದಾರಿ ಮಾಡಿಕೊಂಡು, ಹೊರಟುಹೋದೆ. ಸದರಿ ಪ್ರಶ್ನೆಗೆ ಉತ್ತರ: ಬರುತ್ತೇನೆ.