ಕಾರಿನ ಉಬ್ಬೂ ನನ್ನ ಮೀಸೆಯೂ

ಇನ್ನೂ ಮಾರುಕಟ್ಟೆಗೇ ಬಾರದ ಕಾರಿನ ಹೊಟ್ಟೆಯೊಳಗೆ ಏನಿದೆಯೆಂದು ಒಂದೇ ಒಂದು ಕಳ್ಳಫೋಟೋ ನೋಡಿ ಹೇಳಬಲ್ಲ ಮಹಾನುಭಾವ ಈ ಊರಿಗೆಲ್ಲ ನಾನೊಬ್ಬನೇ! ಹೀಗೆಂದು ನಾನೇ ತೀರ್ಮಾನಿಸಿಕೊಂಡು ವರ್ಷಗಳಾಗಿವೆ. ನನ್ನ ಹತ್ತಿರ ಕಾರಿಲ್ಲ, ಸೈಕಲ್ ಇದೆ ಎಂಬುದು ಬೇರೆ ಮಾತು. ನಕ್ಷತ್ರ ನೋಡುವವನೇನು ಮನೆಯಲ್ಲಿ ನಕ್ಷತ್ರ ಕಟ್ಟಿಕೊಂಡಿರುತ್ತಾನೆಯೇ?

ನಮ್ಮದು ಐದು ಮಂದಿ ಕಾರುಹುಚ್ಚರ ಮೊಬೈಲ್ ಗುಂಪು. ಕಳೆದ ತಿಂಗಳು ಅದರಲ್ಲೊಂದು ಫೋಟೋ ಬಂತು. ಬಿಡುಗಡೆಯಾಗಬೇಕಿದ್ದ ಎಲೆಕ್ಟ್ರಿಕ್ ಕಾರೊಂದು ಗುರುತು ಸಿಗದಂತೆ ಕಪ್ಪು ಬಿಳಿ ಸುರುಳಿಗಳ ಬಟ್ಟೆ ಹೊದ್ದು ಪರೀಕ್ಷೆಗೆಂದು ರಸ್ತೆಗಿಳಿದಿತ್ತು. ಹಿಂಭಾಗದಲ್ಲಿ ಒಂದು ಉಬ್ಬು! ಸ್ಕೇಲು ಹಿಡಿದು ಅಳೆದೆ. "ಅದು ಎರಡನೇ ಬ್ಯಾಟರಿ" ಎಂದು ಘೋಷಿಸಿದೆ.

ಗುಂಪಿನ ದಂತವೈದ್ಯ ಒಪ್ಪಲಿಲ್ಲ. "ಬ್ಯಾಟರಿನೂ ಇಲ್ಲ, ಏನೂ ಇಲ್ಲ. ಊದಿದ ದವಡೆ ದಿನಾ ನೋಡೋನು ನಾನು. ಅದು ಸುಮ್ನೆ ಊತ!"

ನನ್ನ ರಕ್ತ ಕುದಿಯಿತು. "ಬ್ಯಾಟರಿ ಇಲ್ದಿದ್ರೆ ಅರ್ಧ ಮೀಸೆ ಬೋಳಿಸ್ತೀನಿ!" ಎಂದು ಬರೆದೇಬಿಟ್ಟೆ. ಇಪ್ಪತ್ತೆರಡು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ ಸ್ವಾಮಿ! ಕಚೇರಿಯಲ್ಲಿ ಸಾಹೇಬರಿಗೆ ನನ್ನ ಹೆಸರು ಗೊತ್ತಿಲ್ಲ, 'ಮೀಸೆಯವರು' ಎಂದೇ ಕರೆಯುತ್ತಾರೆ. ಅದು ಹೋದರೆ ಅಲ್ಲಿ ನಾನು ಯಾರೂ ಅಲ್ಲ.

ನನ್ನ ಹೆಂಡತಿ ಸೋಫಾ ಕವರ್ ಹೊಲಿಯುವ ಕಾರ್ಖಾನೆಯಲ್ಲಿ ಹಿರಿಯ ಟೈಲರ್. ಫೋಟೋ ನೋಡಿ ಅವಳ ಮುಖ ಒಂಥರಾ ಆಯಿತು.

"ರೀ, ಆ ಪಣ ವಾಪಸ್ ತಗೊಳ್ಳಿ."

"ಯಾಕೆ?"

"ಯಾಕೆ ಅಂತ ಕೇಳ್ಬೇಡಿ. ತಗೊಳ್ಳಿ ಅಷ್ಟೆ."

"ಸೋಫಾ ಬೇರೆ, ಕಾರು ಬೇರೆ ಕಣೇ! ಗೊತ್ತಿಲ್ಲದ ವಿಷಯಕ್ಕೆ ಮೂಗು ತೂರಿಸ್ಬೇಡ."

"ಹಾಗೋ? ಸರಿ ಬಿಡಿ" ಎಂದು ದಾರ ಕಚ್ಚಿ ತುಂಡರಿಸಿದಳು.

ಹದಿನೈದು ದಿನಕ್ಕೆ ಎರಡನೇ ಫೋಟೋ ಬಂತು. ಉಬ್ಬು ಮೊದಲಿನ ಎರಡರಷ್ಟಾಗಿತ್ತು! ನಾನು ಮನೆಯಿಡೀ ಕುಣಿದಾಡಿದೆ. ಆಗ ಹೆಂಡತಿಯೇ ಹತ್ತಿರ ಬಂದಳು. "ಇಷ್ಟು ಧೈರ್ಯ ಇದ್ಮೇಲೆ ಅರ್ಧ ಮೀಸೆ ಯಾಕ್ರೀ? ಪೂರ್ತಿ ಇಡಿ!" ಮದುವೆಯಾದಾಗಿನಿಂದ ಅವಳು ನನ್ನನ್ನು ಹೀಗೆ ಹುರಿದುಂಬಿಸಿದ್ದೇ ಇಲ್ಲ. ಕಣ್ಣು ತುಂಬಿ ಬಂತು. ಪೂರ್ತಿ ಇಟ್ಟೆ.

ಬಿಡುಗಡೆಯ ದಿನ ಟೀವಿ ಮುಂದೆ ಎದೆ ಸೆಟೆಸಿ ಕುಳಿತೆ. ಪರದೆ ಸರಿಯಿತು. ಕಾರಿನ ಬೆನ್ನು ಇಸ್ತ್ರಿ ಮಾಡಿದಷ್ಟು ಚಪ್ಪಟೆ! ಇದ್ದದ್ದೂ ಒಂದೇ ಬ್ಯಾಟರಿ. "ನಾಳೆ ಹತ್ತು ಗಂಟೆಗೆ ಕ್ಷೌರದಂಗಡಿ" ಎಂದು ದಂತವೈದ್ಯನ ಸಂದೇಶ ಬಂತು.

ಹೋದೆ. ಆದರೆ ಸೋಲೊಪ್ಪಿಕೊಂಡೆ ಎಂದುಕೊಳ್ಳಬೇಡಿ! "ತಪ್ಪಿದ್ದು ನಾನಲ್ಲ, ಕಾರು! ಫೋಟೋದಲ್ಲಿ ಉಬ್ಬಿತ್ತೋ ಇಲ್ವೋ?" ಎಂದು ಕತ್ತಿ ಮೂಗಿನ ಕೆಳಗಿದ್ದಾಗಲೂ ವಾದಿಸಿದೆ. "ಸಾರ್, ಮಾತಾಡಿದ್ರೆ ತುಟಿನೂ ಹೋಗುತ್ತೆ" ಎಂದ ಕ್ಷೌರಿಕ.

ಮನೆಗೆ ಬಂದರೆ ಹೆಂಡತಿಯ ಮುಖ ಅರಳಿತ್ತು.

"ಕಾರು ಬಿಡುಗಡೆ ಆಯ್ತಲ್ಲ, ಈಗ ಹೇಳ್ಬಹುದು. ಬಾಯಿ ಬಿಡಲ್ಲ ಅಂತ ಕಾರು ಕಂಪನಿಯೋರು ಸಹಿ ಹಾಕಿಸ್ಕೊಂಡಿದ್ರು. ಆ ಸುರುಳಿ ಬಟ್ಟೆ ಆರ್ಡರ್ ನಮ್ಮ ಕಾರ್ಖಾನೆಗೇ ಬಂದಿತ್ತು, ಹೊಲಿದವಳು ನಾನೇ. ನಿಮ್ಮಂಥೋರು ದಾರಿ ತಪ್ಪಲಿ ಅಂತ ಹಿಂದೆ ಸ್ಪಾಂಜ್ ಇಡಿಸಿದ್ರು."

ನಾನು ಬಿಡುವ ಆಸಾಮಿಯೇ? "ಸ್ಪಾಂಜ್ ಆಗಿದ್ರೆ ಎರಡನೇ ಸಲ ದೊಡ್ಡದಾಗಿದ್ದು ಹೇಗೆ? ಸ್ಪಾಂಜ್ ಬೆಳೆಯುತ್ತಾ? ಹೇಳೇ!"

"ಮಧ್ಯೆ ಬಟ್ಟೆ ಹರಿದು ರಿಪೇರಿಗೆ ಬಂದಿತ್ತು. ಅರ್ಧ ಮೀಸೆ ಗಂಡನ್ನ ಇಟ್ಕೊಂಡು ನಾನೇನ್ಮಾಡ್ಲಿ ಅಂತ ಇನ್ನೊಂದು ಪದರ ತುಂಬಿದೆ." ಅವಳು ನನ್ನ ಬೋಳು ಮೇಲ್ದುಟಿಯನ್ನು ಬೆರಳಿನಿಂದ ಸವರಿದಳು. "ಇಪ್ಪತ್ತೆರಡು ವರ್ಷದಿಂದ ಚುಚ್ತಾ ಇತ್ತು ರೀ!"